ನಿಮ್ಮ ಹಪ್ಪಳದ ಸುದ್ದಿ ಪೇಪರಿನಲ್ಲಿ ಬರಬೇಕೆ?

“ಅಕ್ಕಾ, ಪೇಪರ್‌ನಾಗೆ ಬಂದೈತ್ರೀ!”

ಕುಕ್ಕುವಾಡದ ಆ ಹೆಣ್ಣುಮಗಳು ಬೆಳಗಿನ ಮೊದಲ ಬಸ್ಸಿಗೆ ದಾವಣಗೆರೆಗೆ ಬಂದು ನಮ್ಮ ಮನೆಯ ಬಾಗಿಲಲ್ಲಿ ನಿಂತಾಗ ನಾನಿನ್ನೂ ಹಾಲು ಕಾಯಿಸುತ್ತಿದ್ದೆ. ಎಂಟು ಮಡಿಕೆ ಮಾಡಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದ ಪತ್ರಿಕೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದಳು. ಸ್ಥಳೀಯ ಪುಟದ ಕೆಳಗಡೆ ಎರಡು ಕಾಲಮ್ಮಿನ ಚಿತ್ರ. ಮಾಳಿಗೆಯ ಮೇಲೆ ನಾಲ್ವರು ಹೆಂಗಸರು ಹಪ್ಪಳ ಒಣಹಾಕುತ್ತಿದ್ದಾರೆ, ಮುಂದೆ ಅವಳೇ ಕೂತಿದ್ದಾಳೆ. ಚಿತ್ರ ಚೆನ್ನಾಗಿ ಬಂದಿತ್ತು. ಸುದ್ದಿಯೂ ಚೆನ್ನಾಗಿತ್ತು.

ಓದಿ ಮುಗಿಸಿ ಅವಳ ಮುಖ ನೋಡಿದೆ. ಬಾಗಿಲಲ್ಲಿ ಕಂಡ ಸಂತೋಷ ಅಷ್ಟರಲ್ಲಿ ಇಳಿದುಹೋಗಿತ್ತು.

“ಸುದ್ದಿ ಬಂದೈತೆ ಅಕ್ಕಾ, ಖುಷಿನೇ. ಆದ್ರೆ ನಾನೆಲ್ಲಿ ಅದೀನ್ರೀ ಇದ್ರಾಗೆ?”

ಮತ್ತೊಮ್ಮೆ ಓದಿದೆ. ನಿಜ. ಸುದ್ದಿಯಲ್ಲಿದ್ದದ್ದು ಅವಳ ಗಂಡನ ಹೆಸರು. “ಇಂಥವರ ಪತ್ನಿ ಹಾಗೂ ಸಂಗಡಿಗರು” ಎಂದಿತ್ತು. ಆರು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ಬೇಯಿಸಿದವಳ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ.

ತಪ್ಪು ಪತ್ರಿಕೆಯದಲ್ಲ, ವರದಿಗಾರರದೂ ಅಲ್ಲ. ಪತ್ರಿಕೆಗೆ ಕಳಿಸಿದ ಒಕ್ಕಣೆಯನ್ನು ಬರೆದವಳು ನಾನು! ಹಾಗೆ ಬರೆಯುವುದೇ ಮರ್ಯಾದೆ ಎಂದು ನನ್ನ ಕೈಗೆ ರೂಢಿಯಾಗಿತ್ತು. ಆವತ್ತು ನನಗಾದ ನಾಚಿಕೆಯಿಂದಲೇ ಈ ಲೇಖನ ಹುಟ್ಟಿದೆ ಎಂದರೂ ಸರಿಯೇ.

ಸೋದರಿಯರೇ, ದೊಡ್ಡ ಊರುಗಳಲ್ಲಿ ಇದಕ್ಕೆ ‘ಪಬ್ಲಿಕ್ ರಿಲೇಷನ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ಸಾರ್ವಜನಿಕ ಸಂಪರ್ಕ. ಹೆಸರು ದೊಡ್ಡದು, ನಾನು ಮಾಡುವ ಕೆಲಸ ಚಿಕ್ಕದು. ಮಂಡಕ್ಕಿ ಭಟ್ಟಿಯವರು, ಹೊಲಿಗೆ ಕಲಿಸುವವರು, ಹಪ್ಪಳ-ಸಂಡಿಗೆ-ಚಟ್ನಿಪುಡಿ ಮಾಡುವವರು, ಹೀಗೆ ಸಣ್ಣ ಬಂಡವಾಳದವರ ವಿಷಯ ಪತ್ರಿಕೆಗಳಲ್ಲಿ ಬರುವಂತೆ ಮಾಡಲು ಒಂದು ಪುಟ ಬರೆದುಕೊಡುತ್ತೇನೆ. ಯಾರಿಗೆ, ಯಾವಾಗ, ಹೇಗೆ ಕೊಡಬೇಕೆಂದು ಹೇಳುತ್ತೇನೆ. ಇದರಲ್ಲಿ ಗುಟ್ಟೇನೂ ಇಲ್ಲ. ಸಾರಿಗೆ ಒಗ್ಗರಣೆ ಹಾಕಲು ಬಂದವರಿಗೆ ಇದೂ ಬರುತ್ತದೆ. ನೀವೇ ಕಲಿತುಕೊಳ್ಳಿ.

ಸುದ್ದಿ ಬೇರೆ, ಜಾಹೀರಾತು ಬೇರೆ

ಮೊದಲು ಈ ಎರಡರ ವ್ಯತ್ಯಾಸ ತಿಳಿದಿರಬೇಕು. ಜಾಹೀರಾತು ಎಂದರೆ ದುಡ್ಡು ಕೊಟ್ಟು ಕೊಳ್ಳುವ ಜಾಗ. ಅಲ್ಲಿ ನಿಮ್ಮ ಮಾತು ನಿಮ್ಮಿಷ್ಟದಂತೆ ಬರುತ್ತದೆ. ಸುದ್ದಿಗೆ ದುಡ್ಡಿಲ್ಲ, ಆದರೆ ಅಲ್ಲಿ ನಿಮ್ಮ ಇಷ್ಟವೂ ನಡೆಯುವುದಿಲ್ಲ. ಹಾಕುವುದು, ಬಿಡುವುದು, ಕತ್ತರಿಸುವುದು ಸಂಪಾದಕರಿಗೆ ಸೇರಿದ್ದು. ಓದುವವರು ಸುದ್ದಿಯನ್ನು ಹೆಚ್ಚು ನಂಬುವುದೂ ಅದಕ್ಕೇ. ನಮ್ಮ ಮಗಳು ಚೆನ್ನಾಗಿ ಹಾಡುತ್ತಾಳೆ ಎಂದು ನಾವೇ ಹೇಳುವುದಕ್ಕೂ ಪಕ್ಕದ ಮನೆಯವರು ಹೇಳುವುದಕ್ಕೂ ವ್ಯತ್ಯಾಸವಿಲ್ಲವೇ?

ದುಡ್ಡು ತೆಗೆದುಕೊಂಡು ಜಾಹೀರಾತನ್ನೇ ಸುದ್ದಿಯ ವೇಷದಲ್ಲಿ ಹಾಕುವ ಕೆಟ್ಟ ಪದ್ಧತಿಯೂ ಉಂಟು. ಇದಕ್ಕೆ ‘ಕಾಸಿಗಾಗಿ ಸುದ್ದಿ’ ಎನ್ನುತ್ತಾರೆ. ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ಈ ಪಿಡುಗಿನ ಬಗ್ಗೆಯೇ ಒಂದು ವರದಿ ಹೊರಡಿಸಿತು. ಆದ್ದರಿಂದ ಯಾರಾದರೂ “ಇಷ್ಟು ಕೊಡಿ, ಸುದ್ದಿ ಹಾಕಿಸ್ತೀವಿ” ಎಂದರೆ ನೀವು ಕೇಳಬೇಕಾದ ಮಾತು ಒಂದೇ: “ಜಾಹೀರಾತಾದರೆ ರಸೀದಿ ಕೊಡಿ, ಸುದ್ದಿಯಾದರೆ ದುಡ್ಡೇಕೆ?” ಕವರಿನಲ್ಲಿ ನೋಟಿಟ್ಟು ಕೊಡುವ ಗೋಜಿಗೆ ಎಂದೂ ಹೋಗಬೇಡಿ. ನಾನು ಕಂಡ ಒಳ್ಳೆಯ ವರದಿಗಾರರು ಅದರಿಂದ ನೊಂದುಕೊಳ್ಳುತ್ತಾರೆ. ಮನೆಗೆ ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರೆ ಸಾಕು.

ಏಳು ಮಂದಿ, ಎಂಬತ್ತು ರೂಪಾಯಿ

“ನಮ್ಮಂಥೋರ ಸುದ್ದಿ ಯಾರು ಹಾಕ್ತಾರೆ?” ಇದು ನನಗೆ ಎದುರಾಗುವ ಮೊದಲ ಪ್ರಶ್ನೆ. ಕುಕ್ಕುವಾಡದವಳೂ ಇದನ್ನೇ ಕೇಳಿದ್ದಳು. ಅವಳ ಮಾತಿನಲ್ಲೂ ಅರ್ಥವಿತ್ತು. ಕುಕ್ಕುವಾಡ ಎಂದರೆ ದಾವಣಗೆರೆ ಸುತ್ತಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ, ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಕಬ್ಬಿನ ಗಾಡಿ. ಕಬ್ಬು ಅರೆಯುವುದು ಶುರುವಾದರೆ ಸುದ್ದಿ, ಕಬ್ಬಿನ ಬೆಲೆ ಏರಿದರೆ ಸುದ್ದಿ, ನಾಲೆಗೆ ನೀರು ಬಿಡದಿದ್ದರೂ ಸುದ್ದಿ. ಮಾಳಿಗೆಯ ಮೇಲೆ ಒಣಗುವ ಹಪ್ಪಳ ಹೇಗೆ ಸುದ್ದಿಯಾದೀತು?

ಆಗ ನಾನು ಅವಳಿಗೆ ಲಿಜ್ಜತ್ ಪಾಪಡ್‌ನ ಕಥೆ ಹೇಳಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು, ತಮ್ಮ ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಮಾಡಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಮೊದಲ ವರ್ಷ ಮಳೆಗಾಲದಲ್ಲಿ ಒಣಗಿಸಲಾಗದೆ ನಾಲ್ಕು ತಿಂಗಳು ಕೆಲಸವೇ ನಿಂತುಹೋಯಿತು. ಮರುವರ್ಷ ಅವರೊಂದು ಉಪಾಯ ಹೂಡಿದರು. ಒಂದು ಮಂಚ, ಒಂದು ಸ್ಟೌ ಕೊಂಡರು. ಹಪ್ಪಳವನ್ನು ಮಂಚದ ಮೇಲೆ ಹರಡಿ ಕೆಳಗೆ ಸ್ಟೌ ಹಚ್ಚಿಟ್ಟರು. ಮಳೆಯಲ್ಲೂ ಹಪ್ಪಳ ಒಣಗಿತು!

ಆ ಕಾಲದಲ್ಲಿ ಅವರಿಗೆ ಸಿಕ್ಕ ಪ್ರಚಾರ ಎಂದರೆ ಬಾಯಿಂದ ಬಾಯಿಗೆ ಹಬ್ಬಿದ ಮಾತು, ಮತ್ತೆ ಅಲ್ಲಿನ ದೇಶಭಾಷೆಯ ಪತ್ರಿಕೆಗಳಲ್ಲಿ ಬಂದ ಲೇಖನಗಳು. ಅದನ್ನು ಓದಿ, ಕೇಳಿ ಹೆಂಗಸರು ಬಂದು ಸೇರಿದರು. ಮೂರನೆಯ ವರ್ಷ ಮುಗಿಯುವಷ್ಟರಲ್ಲಿ ಏಳು ಮಂದಿ ಇದ್ದದ್ದು ಮುನ್ನೂರಕ್ಕೂ ಮಿಕ್ಕಿತ್ತು. ಆ ಏಳು ಮಂದಿಯಲ್ಲೊಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ಈ ಕಥೆ ಹೇಳಿದ್ದು ಲಿಜ್ಜತ್‌ನ ಹಾಗೆ ನಾವೂ ಆಗಬೇಕೆಂದಲ್ಲ. ಆ ಮಂಚ ಮತ್ತು ಸ್ಟೌ ನೋಡಿ! ಇಷ್ಟು ವರ್ಷಗಳಾದ ಮೇಲೂ ಅದನ್ನು ಓದಿದವರು ಮರೆಯುವುದಿಲ್ಲ. “ರುಚಿಕರ, ಗುಣಮಟ್ಟದ ಹಪ್ಪಳ” ಎಂದಷ್ಟೇ ಬರೆದಿದ್ದರೆ ಯಾರಿಗೆ ನೆನಪಿರುತ್ತಿತ್ತು?

ಸುದ್ದಿ ಎಲ್ಲಿ ಅಡಗಿರುತ್ತದೆ?

ಈ ಕೆಲಸಕ್ಕೆ ಕೈಹಾಕಿದ ಹೊಸದರಲ್ಲಿ ನಾನು ಬರೆದ ಮೊದಲ ಒಕ್ಕಣೆ ನಾಲ್ಕು ಪುಟವಿತ್ತು. “ಅಪ್ಪಟ, ಶುಚಿರುಚಿಯಾದ, ಮನೆಮಾತಾದ, ನಾಡಿನಲ್ಲೇ ಹೆಸರುವಾಸಿಯಾದ” ಹೀಗೆ ವಿಶೇಷಣಗಳ ತೋರಣ. ವಯಸ್ಸಾದ ವರದಿಗಾರರೊಬ್ಬರು ತಾಳ್ಮೆಯಿಂದ ಓದಿ, ಕನ್ನಡಕ ತೆಗೆದು, “ಎಲ್ಲಾ ಸರಿ ತಾಯೀ, ಇದರಲ್ಲಿ ಸುದ್ದಿ ಎಲ್ಲಿದೆ?” ಎಂದರು. ನನಗೆ ಉತ್ತರ ತೋಚಲಿಲ್ಲ.

ಸುದ್ದಿ ನಮ್ಮ ಹೊಗಳಿಕೆಯಲ್ಲಿ ಇರುವುದಿಲ್ಲ, ನಮ್ಮ ಕೆಲಸದ ವಿವರದಲ್ಲಿ ಇರುತ್ತದೆ. ಆದರೆ ದಿನವೂ ಮಾಡುವವರಿಗೆ ಅದು ಕಾಣುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಕುಕ್ಕುವಾಡದವಳನ್ನು ಕೂರಿಸಿಕೊಂಡು ನಾನು ಕೇಳಿದ ಪ್ರಶ್ನೆಗಳು ಇಷ್ಟೇ. ನೀವೂ ಒಂದು ಹಾಳೆಯಲ್ಲಿ ಉತ್ತರ ಬರೆದುಕೊಳ್ಳಿ.

ಯಾಕೆ ಶುರು ಮಾಡಿದಿರಿ? ಯಾವ ವರ್ಷ? ಮೊದಲ ದಿನ ಎಷ್ಟು ಮಾಡಿದಿರಿ, ಈಗೆಷ್ಟು? ನಿಮ್ಮ ಜೊತೆ ಎಷ್ಟು ಜನ, ಅವರಿಗೆ ದಿನಕ್ಕೆ ಏನು ಸಿಗುತ್ತದೆ? ಯಾವುದು ಕೈಕೊಟ್ಟಿತು, ಅದಕ್ಕೇನು ಉಪಾಯ ಮಾಡಿದಿರಿ? ಬೇರೆಯವರು ಮಾಡದ್ದು ನೀವೇನು ಮಾಡುತ್ತೀರಿ? ಇದರಿಂದ ಊರಿಗೇನು ಉಪಯೋಗ?

“ಅಂಥಾದ್ದೇನಿಲ್ಲಕ್ಕಾ” ಎನ್ನುತ್ತಲೇ ಅವಳು ಹೇಳಿದ್ದನ್ನು ಕೇಳಿ: ಕಬ್ಬಿನ ಕೆಲಸ ಇಲ್ಲದ ತಿಂಗಳುಗಳಲ್ಲಿ ಕೂಲಿ ಹೆಂಗಸರಿಗೆ ಗಳಿಕೆ ಇರುವುದಿಲ್ಲ. ಬಿಸಿಲಿರುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಫೆಬ್ರವರಿಯಿಂದ ಮೇವರೆಗೆ ಹಪ್ಪಳಕ್ಕೆ ಅವರನ್ನೇ ಕರೆದುಕೊಳ್ಳುತ್ತಾಳೆ. ಅಕ್ಕಿ ತಮ್ಮ ಗದ್ದೆಯದೇ. ಇನ್ನು ಸುದ್ದಿ ಬೇಕೆಂದು ಎಲ್ಲಿ ಹುಡುಕುವುದು? ಅದು ಅವಳ ಬಾಯಲ್ಲೇ ಇತ್ತು.

ಒಂದು ಪುಟ ಸಾಕು

ಪತ್ರಿಕೆಗೆ ಕೊಡುವ ಒಕ್ಕಣೆಯನ್ನು ಪತ್ರಿಕಾ ಪ್ರಕಟಣೆ ಎನ್ನುತ್ತಾರೆ. ಅದು ಒಂದು ಪುಟ ಮೀರಬಾರದು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂಬ ಐದಕ್ಕೂ ಮೊದಲ ಎರಡು ಮೂರು ವಾಕ್ಯಗಳಲ್ಲೇ ಉತ್ತರ ಸಿಗಬೇಕು. ಏಕೆಂದರೆ ಜಾಗ ಸಾಲದಾದಾಗ ಪತ್ರಿಕೆಯವರು ಕೆಳಗಿನಿಂದ ಕತ್ತರಿಸುತ್ತಾರೆ. ಮುಖ್ಯವಾದದ್ದು ತಳದಲ್ಲಿದ್ದರೆ ಅದೇ ಹೋಗಿಬಿಡುತ್ತದೆ. ಬಡಿಸುವಾಗ ಪಾಯಸವನ್ನು ಕೊನೆಗಿಡುವಂತೆ ಇಲ್ಲಿ ಇಡಬೇಡಿ.

ಮಾದರಿ ಬೇಕೆಂದರೆ ಹೀಗೆ ಬರೆಯಬಹುದು:

“ಕುಕ್ಕುವಾಡ, ಫೆ. 12: ಬೇಸಿಗೆಯಲ್ಲಿ ಕೂಲಿ ಇಲ್ಲದ ಎಂಟು ಮಂದಿ ಮಹಿಳೆಯರಿಗೆ ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಗೃಹಿಣಿ ಶ್ರೀಮತಿ (ನಿಮ್ಮ ಪೂರ್ಣ ಹೆಸರು) ಅವರು ಅಕ್ಕಿ ಹಪ್ಪಳದ ಕೆಲಸ ಕೊಟ್ಟಿದ್ದಾರೆ. ಸ್ವಂತ ಗದ್ದೆಯ ಅಕ್ಕಿಯಿಂದ ದಿನಕ್ಕೆ ಆರುನೂರು ಹಪ್ಪಳ ತಯಾರಾಗುತ್ತಿದ್ದು, ಯುಗಾದಿಯವರೆಗೆ ಬೇಡಿಕೆ ಸ್ವೀಕರಿಸಲಾಗುವುದು.”

ಇದರ ಕೆಳಗೆ ಶುರುವಾದ ಬಗೆ, ಪಟ್ಟ ಪಾಡು, ನಿಮ್ಮದೇ ಮಾತಿನ ಎರಡು ವಾಕ್ಯ. ನಿಮ್ಮ ಮಾತನ್ನು ನೀವು ಆಡುವ ಹಾಗೇ ಬರೆಯಿರಿ. “ಮಹಿಳಾ ಸಬಲೀಕರಣದ ದೃಷ್ಟಿಯಿಂದ” ಎಂದು ಯಾವ ಅಡುಗೆಮನೆಯಲ್ಲೂ ಯಾರೂ ಮಾತಾಡುವುದಿಲ್ಲ. “ಬಿಸಿಲು ಸುಮ್ನೆ ಹೋಗ್ತಿತ್ತು, ಅದಕ್ಕೊಂದು ಕೆಲ್ಸ ಕೊಟ್ವಿ” ಎಂದು ಅವಳು ನನ್ನೆದುರು ಅಂದಿದ್ದಳು. ಅದನ್ನು ವರದಿಗಾರರು ತಲೆಬರಹವನ್ನೇ ಮಾಡಿಕೊಂಡರು. ಕೊನೆಯಲ್ಲಿ ದೂರವಾಣಿ ಸಂಖ್ಯೆ ಮರೆಯಬೇಡಿ. ಅದನ್ನು ಎರಡು ಸಲ ಓದಿ ನೋಡಿ. ಒಂದಂಕಿ ತಪ್ಪಿದರೆ ಯಾರ ಮನೆಗೋ ಹಪ್ಪಳ ಕೇಳಿಕೊಂಡು ಫೋನು ಹೋಗುತ್ತದೆ!

ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬಿಡಿಸಿ ಬರೆಯಿರಿ. ಈಗ ಮೊಬೈಲಿನಲ್ಲಿ ವಾಟ್ಸಾಪ್ ಮೂಲಕ ಕಳಿಸುವುದೇ ಹೆಚ್ಚು. ಹಾಗಾದರೆ ಕನ್ನಡದಲ್ಲಿ ಬೆರಳಚ್ಚು ಮಾಡಿಯೇ ಕಳಿಸಿ. ಬರೆದ ಹಾಳೆಯ ಫೋಟೋ ಕಳಿಸಿದರೆ ಅವರು ಮತ್ತೆ ಕೂತು ಅಚ್ಚು ಜೋಡಿಸಬೇಕು. ಚಿತ್ರವನ್ನು ಬೆಳಕಿನಲ್ಲಿ, ಕೆಲಸ ನಡೆಯುವಾಗ ತೆಗೆಯಿರಿ. ಸಾಲಾಗಿ ನಿಂತು ಹಾರ ಹಾಕಿಸಿಕೊಂಡ ಚಿತ್ರ ಪತ್ರಿಕೆಯವರಿಗೆ ದಿನಕ್ಕೆ ಹತ್ತು ಬರುತ್ತವೆ. ಲಟ್ಟಣಿಗೆ ಹಿಡಿದ ಕೈ ಅಪರೂಪಕ್ಕೆ ಬರುತ್ತದೆ. ಚಿತ್ರದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದು ಜೊತೆಗಿಡಿ.

ಹೊತ್ತು ನೋಡಿ ಬಾಗಿಲು ತಟ್ಟಿ

ಹಾಲು ಉಕ್ಕುವ ಹೊತ್ತಿಗೆ ನೆಂಟರು ಬಂದರೆ ನಮಗೆ ಹೇಗೋ ಹಾಗೆಯೇ ವರದಿಗಾರರಿಗೆ ಸಂಜೆ. ಮರುದಿನದ ಪುಟ ಕಟ್ಟುವ ಗಡಿಬಿಡಿ ಅದು. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನದವರೆಗೆ ಮಾತಾಡಿಸಿ. ಒಕ್ಕಣೆ ಮಧ್ಯಾಹ್ನ ಮೂರರೊಳಗೆ ತಲುಪಲಿ. ಭಾನುವಾರ ಸಭೆ-ಸಮಾರಂಭ ಬಿಟ್ಟರೆ ಕಚೇರಿಗಳ ಸುದ್ದಿ ಕಡಿಮೆ. ಸೋಮವಾರದ ಪುಟದಲ್ಲಿ ಸಣ್ಣವರಿಗೂ ಜಾಗ ಸಿಗುವ ಸಂಭವ ಹೆಚ್ಚು.

ಕ್ಯಾಲೆಂಡರನ್ನೂ ನೋಡಿಕೊಳ್ಳಿ. ಮಾರ್ಚ್ 8ರ ಮಹಿಳಾ ದಿನಕ್ಕೆ ಹದಿನೈದು ದಿನ ಮುಂಚಿನಿಂದಲೇ ಎಲ್ಲ ಪತ್ರಿಕೆಗಳೂ ಸಾಧಕಿಯರನ್ನು ಹುಡುಕುತ್ತಿರುತ್ತವೆ. ಯುಗಾದಿ, ದೀಪಾವಳಿ, ನಮ್ಮಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಹರಿಹರದಲ್ಲಿ ಹರಿಹರೇಶ್ವರನ ತೇರು, ಇವೆಲ್ಲ ಒಳ್ಳೆಯ ಹೊತ್ತು. ಮಾವಿನಕಾಯಿ ಬರುವ ಮುಂಚೆ ಉಪ್ಪಿನಕಾಯಿಯ ಸುದ್ದಿ ಕೊಡಿ, ಮುಗಿದ ಮೇಲಲ್ಲ.

ರಾಜಧಾನಿಯ ದೊಡ್ಡ ಪತ್ರಿಕೆಯೇ ಬೇಕೆಂಬ ಹಟ ಬೇಡ. ದಾವಣಗೆರೆಯಲ್ಲಿ ‘ಜನತಾವಾಣಿ’ ಇದ್ದ ಹಾಗೆ ನಿಮ್ಮ ಜಿಲ್ಲೆಯಲ್ಲೂ ಒಂದು ಊರ ಪತ್ರಿಕೆ ಇರುತ್ತದೆ. ನಿಮ್ಮ ಹಪ್ಪಳ ಕೊಳ್ಳುವವರು ಬೆಳಿಗ್ಗೆ ಮೊದಲು ಬಿಡಿಸುವುದು ಅದನ್ನೇ. ಆಕಾಶವಾಣಿಯ ಮಹಿಳಾ ಕಾರ್ಯಕ್ರಮಗಳಿಗೂ ಒಂದು ಕಾಗದ ಬರೆಯಿರಿ. ನಮ್ಮ ಕಡೆ ಭದ್ರಾವತಿ ಕೇಂದ್ರ ಕೇಳುವ ಮನೆಗಳು ಬೇಕಾದಷ್ಟಿವೆ.

ಒಂದು ಸಲ ಹಾಕಲಿಲ್ಲವೆಂದು ಮುನಿಸಿಕೊಳ್ಳಬೇಡಿ, “ಯಾಕೆ ಹಾಕಲಿಲ್ಲ?” ಎಂದು ಜಗಳಕ್ಕೂ ಹೋಗಬೇಡಿ. ಬೇರೊಂದು ವಿವರ ಹಿಡಿದು ತಿಂಗಳ ನಂತರ ಮತ್ತೆ ಕಳಿಸಿ. ಹಾಕಿದರೆ ಒಂದು ಸಾಲು ವಂದನೆ ಬರೆಯಿರಿ. ವಂದನೆ ಹೇಳುವವರು ಎಷ್ಟು ಕಡಿಮೆ ಎಂದರೆ, ಹೇಳಿದವರನ್ನು ಅವರು ಮರೆಯುವುದೇ ಇಲ್ಲ.

ಹೇಳಬಾರದ ಮಾತು

ಈಗ ಎಚ್ಚರಿಕೆಯ ಮಾತು. “ರಾಜ್ಯದಲ್ಲೇ ಪ್ರಥಮ” ಎಂದು ಬರೆಯುವ ಆಸೆ ಎಲ್ಲರಿಗೂ. ಅದು ನಿಜವೆಂದು ತೋರಿಸಲು ಆಗದಿದ್ದರೆ ಬೇಡ. ಅದಕ್ಕಿಂತ ಅಪಾಯದ್ದು ಆರೋಗ್ಯದ ಮಾತು. “ನಮ್ಮ ರಾಗಿ ಹಪ್ಪಳ ತಿಂದರೆ ಸಕ್ಕರೆ ಕಾಯಿಲೆ ವಾಸಿ”, “ಈ ಪುಡಿ ಮಂಡಿನೋವು ಓಡಿಸುತ್ತದೆ” ಎಂದು ಬರೆಸಲು ಬರುವವರಿದ್ದಾರೆ. ನಾನು ಬರೆಯುವುದಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಉಂಟು. ದಂಡದ ಮಾತು ಹಾಗಿರಲಿ, ನಿಮ್ಮ ಮಾತು ನಂಬಿ ಯಾರೋ ಒಬ್ಬ ಅಜ್ಜಿ ಮಾತ್ರೆ ನಿಲ್ಲಿಸಿಬಿಟ್ಟರೆ ಆ ಪಾಪ ಯಾರಿಗೆ? ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಆ ಹದಿನಾಲ್ಕು ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಿರಬೇಕು. ಸುದ್ದಿ ಬಂದ ಮೇಲೆ ಕೇಳುವವರು ಬಂದೇ ಬರುತ್ತಾರೆ. ಅದಕ್ಕೆ ಮುಂಚೆಯೇ ಈ ಕೆಲಸ ಮುಗಿದಿರಲಿ.

ಬಂದ ಮೇಲೆ ಏನು?

ಸುದ್ದಿ ಬಾರದೆ ಕೆಟ್ಟವರಿಗಿಂತ ಸುದ್ದಿ ಬಂದು ಕೆಟ್ಟವರನ್ನು ನಾನು ಹೆಚ್ಚು ಕಂಡಿದ್ದೇನೆ. ಹರಿಹರದ ಒಬ್ಬ ತಾಯಿ ಖಡಕ್ ರೊಟ್ಟಿ ಮಾಡುತ್ತಿದ್ದರು. ದಿನಕ್ಕೆ ಇನ್ನೂರು ರೊಟ್ಟಿ, ಅದೂ ಸೊಸೆ ಕೈಹಚ್ಚಿದರೆ. ಪತ್ರಿಕೆಯಲ್ಲಿ ಅರ್ಧ ಪುಟ ಬಂತು. ವಾರದೊಳಗೆ ಎರಡು ಮದುವೆ ಮನೆಯವರು ಸಾವಿರ ಸಾವಿರ ಕೇಳಿದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಎಲ್ಲಿಂದಲೋ ತರಿಸಿ ತಮ್ಮ ಪೊಟ್ಟಣಕ್ಕೆ ತುಂಬಿಕೊಟ್ಟರು. ಅದರಲ್ಲಿ ಅರ್ಧ ಮುಗ್ಗಲು. ಹೊಸ ಗಿರಾಕಿ ಹೋದದ್ದಿರಲಿ, ಹತ್ತು ವರ್ಷದ ಹಳೆಯ ಗಿರಾಕಿಗಳೂ ಮುಖ ತಿರುಗಿಸಿದರು. ಮತ್ತೆ ಹೆಸರು ಕೂಡಿಕೊಳ್ಳಲು ಅವರಿಗೆ ವರ್ಷವೇ ಹಿಡಿಯಿತು.

ಅದರಲ್ಲಿ ನನ್ನ ಪಾಲಿನ ತಪ್ಪೂ ಇತ್ತು. ಆ ಒಕ್ಕಣೆಯಲ್ಲಿ “ದಿನಕ್ಕೆ ಇನ್ನೂರು ರೊಟ್ಟಿ ಮಾತ್ರ, ವಾರ ಮುಂಚೆ ತಿಳಿಸಬೇಕು” ಎಂಬ ಒಂದು ಸಾಲು ಬರೆದಿದ್ದರೆ ಅಷ್ಟೂ ತಪ್ಪುತ್ತಿತ್ತು. ಅಂದಿನಿಂದ ನಾನು ಬರೆದುಕೊಡುವ ಪ್ರತಿ ಪುಟದಲ್ಲೂ ಆ ಸಾಲು ಇರುತ್ತದೆ. ಕಡಿಮೆ ಸಿಗುತ್ತದೆ ಎಂದರೆ ಜನ ಬೇಸರಿಸುವುದಿಲ್ಲ, ಕಾಯುತ್ತಾರೆ. ಕೆಟ್ಟದ್ದು ಸಿಕ್ಕರೆ ಕಾಯುವುದಿಲ್ಲ.

ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ದೂರು ಬರುತ್ತದೆ. ಚಟ್ನಿಪುಡಿಯಲ್ಲಿ ಬೂಷ್ಟು, ಹಪ್ಪಳದಲ್ಲಿ ಕಲ್ಲು. ಆಗ ಫೋನು ಆರಿಸಿ ಕೂರಬೇಡಿ. ಅಮೆರಿಕದಲ್ಲಿ 1906ರ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಂಥ ಸುದ್ದಿಯನ್ನು ರೈಲು ಕಂಪನಿಗಳು ಮುಚ್ಚಿಹಾಕುತ್ತಿದ್ದ ಕಾಲ ಅದು. ಐವಿ ಲೀ ಎಂಬ ಮಾಜಿ ಪತ್ರಕರ್ತ ಕಂಪನಿಯ ಪರವಾಗಿ ನಡೆದದ್ದನ್ನು ಬರೆದು ತಾನೇ ಪತ್ರಿಕೆಗಳಿಗೆ ಕೊಟ್ಟ, ಪತ್ರಕರ್ತರು ಜಾಗವನ್ನು ನೋಡಲು ಏರ್ಪಾಡು ಮಾಡಿಸಿದ. ‘ನ್ಯೂಯಾರ್ಕ್ ಟೈಮ್ಸ್’ ಆ ಹೇಳಿಕೆಯನ್ನು ಹಾಗೆಯೇ ಅಚ್ಚು ಮಾಡಿತು. ಪತ್ರಿಕಾ ಪ್ರಕಟಣೆಯ ಹುಟ್ಟು ಅದೇ ಎಂದು ಹೇಳುತ್ತಾರೆ. ಹುಟ್ಟಿದ್ದು ಹೊಗಳಿಕೊಳ್ಳಲು ಅಲ್ಲ, ಕೆಟ್ಟ ದಿನ ನಿಜ ಹೇಳಲು ಎಂಬುದನ್ನು ಗಮನಿಸಿ. ನಮ್ಮ ಹಪ್ಪಳಕ್ಕೂ ಅದೇ ನ್ಯಾಯ. “ಹೌದು, ತಪ್ಪಾಗಿದೆ. ಆ ದಿನದ ಪೊಟ್ಟಣ ವಾಪಸು ಕೊಡಿ, ಬೇರೆ ಕೊಡುತ್ತೇವೆ” ಎಂದವರನ್ನು ಊರು ಕೈಬಿಟ್ಟದ್ದನ್ನು ನಾನು ಕಂಡಿಲ್ಲ.

ಇದೂ ಒಂದು ಕಸುಬು

“ಬರೆಯೋದು ನಮಗೆ ಬರುತ್ತೆ, ಮಾರೋಕೆ ಏನೂ ಇಲ್ಲ” ಎನ್ನುವವರು ನಿಮ್ಮಲ್ಲಿ ಇರಬಹುದು. ಹಾಗಾದರೆ ನನ್ನ ಹಾಗೆ ಇದನ್ನೇ ಕಸುಬು ಮಾಡಿಕೊಳ್ಳಬಹುದು. ಬೇಕಾದದ್ದು ಒಂದು ಮೊಬೈಲು, ಕನ್ನಡ ತಿದ್ದಿ ಬರೆಯುವ ಕೈ, ಕೇಳಿಸಿಕೊಳ್ಳುವ ಕಿವಿ. ಮೊದಲು ದಿನಾ ಮೂರು ಪತ್ರಿಕೆಯ ಸ್ಥಳೀಯ ಪುಟ ಓದಿ. ಯಾರ ಹೆಸರಿನಲ್ಲಿ ಎಂಥ ಸುದ್ದಿ ಬರುತ್ತದೆಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಪರಿಚಯದವರಿಗೆ ಒಂದೆರಡು ಪುಟ ಬರೆದುಕೊಟ್ಟು ಕೈ ಪಳಗಿಸಿಕೊಳ್ಳಿ. ಸಂಬಳವನ್ನು ಬರೆದದ್ದಕ್ಕೆ ತೆಗೆದುಕೊಳ್ಳಿ, “ಹಾಕಿಸಿಕೊಡುತ್ತೇನೆ” ಎಂದು ಮಾತು ಕೊಟ್ಟು ತೆಗೆದುಕೊಳ್ಳಬೇಡಿ. ಹಾಕುವುದು ನಿಮ್ಮ ಕೈಲಿಲ್ಲ. ಸ್ವಂತ ಉದ್ಯೋಗ ಮಾಡುವ ಹೆಂಗಸರಿಗೆ ತರಬೇತಿ ಕೊಡಲೆಂದೇ ಬೆಂಗಳೂರಿನಲ್ಲಿ ‘ಅವೇಕ್’ ಎಂಬ ಮಹಿಳಾ ಉದ್ಯಮಿಗಳ ಸಂಘ 1983ರಲ್ಲೇ ಹುಟ್ಟಿದೆ. ಸ್ತ್ರೀಶಕ್ತಿ ಸಂಘಗಳಂತೂ 2000ದಿಂದೀಚೆಗೆ ಊರೂರಲ್ಲಿ ಬಂದಿವೆ. ಪ್ರತಿ ಸಂಘದಲ್ಲೂ ಒಬ್ಬಾಕೆಗೆ ಒಂದು ಪುಟ ಚೊಕ್ಕವಾಗಿ ಬರೆಯಲು ಬಂದರೆ ಎಷ್ಟು ಚೆನ್ನ!

ಹೆಸರಿನ ಮಾತು

ಮತ್ತೆ ಹೆಸರಿನ ಮಾತಿಗೆ ಬರುತ್ತೇನೆ. ದಾವಣಗೆರೆ ಬೆಣ್ಣೆ ದೋಸೆ ಎಂದರೆ ಇಂದು ಬಾಯಲ್ಲಿ ನೀರೂರದವರು ಯಾರು? ಇದರ ಮೂಲ ಒಬ್ಬ ಹೆಂಗಸು ಎಂದು ನಮ್ಮ ಊರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ನಾಟಕದ ಥಿಯೇಟರಿನ ಹತ್ತಿರ ರಾಗಿ ದೋಸೆ ಹುಯ್ದು ಮಾರುತ್ತಿದ್ದಳಂತೆ. ಮುಂದೆ ಮಕ್ಕಳ ಕಾಲದಲ್ಲಿ ಅದು ಅಕ್ಕಿ ದೋಸೆಯಾಗಿ, ಬೆಣ್ಣೆ ಬಿದ್ದು, ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ಹರಡಿತು. ದೋಸೆಗೆ ಊರಿನ ಹೆಸರು ಬಂತು. ಚೆನ್ನಮ್ಮನ ಹೆಸರು? ದೋಸೆ ತಿನ್ನುವ ನೂರು ಜನರನ್ನು ಕೇಳಿ ನೋಡಿ, ಎಷ್ಟು ಜನ ಹೇಳುತ್ತಾರೆ!

ಇನ್ನೊಂದು ಕಡೆ ನಂಜನಗೂಡಿನ ತಿರುಮಲಾಂಬ ಅವರನ್ನು ನೆನೆಯಿರಿ. ಬಾಲವಿಧವೆಯಾಗಿದ್ದ ಆಕೆ ನೂರು ವರ್ಷಕ್ಕೂ ಹಿಂದೆ, 1913ರಲ್ಲಿ, ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿ ತಮ್ಮ ಹೆಸರಿನಲ್ಲೇ ಪುಸ್ತಕ ಹೊರತಂದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಆ ಕಾಲದಲ್ಲೇ ಒಬ್ಬ ಹೆಣ್ಣುಮಗಳಿಗೆ ತನ್ನ ಹೆಸರನ್ನು ಅಚ್ಚಿನಲ್ಲಿ ಕಾಣುವ ಧೈರ್ಯವಿತ್ತು. ನಮಗೇಕೆ ಸಂಕೋಚ?

ಇದು ಜಂಬದ ಮಾತಲ್ಲ. ಪತ್ರಿಕೆಯ ಆ ತುಂಡು ಮುಂದೆ ನಿಮ್ಮ ಕಾಗದಪತ್ರದ ಜೊತೆ ಸೇರುತ್ತದೆ. ಮೇಳದಲ್ಲಿ ಮಳಿಗೆ ಕೇಳುವಾಗ, ಬ್ಯಾಂಕಿನಲ್ಲಿ ನಿಮ್ಮ ಕೆಲಸದ ವಿವರ ಹೇಳುವಾಗ ತೆಗೆದು ತೋರಿಸಬಹುದು. ಅದರಲ್ಲಿ ಇನ್ನೊಬ್ಬರ ಹೆಸರಿದ್ದರೆ ನಿಮಗೇನು ಬಂತು? ಗಂಡನ ಹೆಸರು ಬರಲಿ, ಬೇಡವೆನ್ನುವವರಾರು? ಗದ್ದೆಯ ಅಕ್ಕಿ ಕೊಟ್ಟವರು, ಸಂತೆಗೆ ಹೊತ್ತವರು ಅವರೇ ಆಗಿದ್ದರೆ ಅದನ್ನೂ ಬರೆಯಿರಿ. ಆದರೆ ಮೊದಲ ಸಾಲಿನಲ್ಲಿ ಕೆಲಸ ಮಾಡಿದವರ ಹೆಸರಿರಲಿ. ಜೊತೆಗೆ ದುಡಿಯುವ ಹೆಂಗಸರ ಹೆಸರುಗಳನ್ನೂ ಬರೆಯಿರಿ. ‘ಸಂಗಡಿಗರು’ ಎಂಬ ಮಾತಿನೊಳಗೆ ಎಷ್ಟು ಜನ ಕಳೆದುಹೋಗುತ್ತಾರೆಂದು ಆ ದಿನ ನನಗೆ ಗೊತ್ತಾಯಿತು.

ಕುಕ್ಕುವಾಡದವಳಿಗೆ ಆ ಬೆಳಿಗ್ಗೆ ತಿಂಡಿ ಕೊಟ್ಟು, ಎದುರಿಗೇ ಕೂತು ಇನ್ನೊಂದು ಪುಟ ಬರೆದೆ. ಅವಸರ ಮಾಡಲಿಲ್ಲ. ಮರುವರ್ಷದ ಹಪ್ಪಳದ ಕಾಲಕ್ಕೆ, ಒಣಹಾಕಲು ಅವರೇ ಮಾಡಿಕೊಂಡ ಹೊಸ ತಟ್ಟಿಯ ವಿವರ ಹಿಡಿದು ಕಳಿಸಿದೆವು. ಈ ಸಲ ಬಂದದ್ದು ಒಂದೇ ಕಾಲಮ್ಮು, ಚಿತ್ರವೂ ಇರಲಿಲ್ಲ. ಆದರೆ ಒಂಬತ್ತು ಹೆಸರುಗಳಿದ್ದವು, ಅವಳದು ಮೊದಲು.

ಅಂದು ಫೋನಿನಲ್ಲಿ ಅವಳು ಹೇಳಿದ್ದಿಷ್ಟು: “ನಮ್ಮತ್ತೆಗೆ ಓದಾಕೆ ಬರಲ್ಲಕ್ಕಾ. ನನ್ ಹೆಸರು ಎಲ್ಲೈತೆ ತೋರ್ಸು ಅಂದ್ರು. ಬೆರಳಿಟ್ಟು ತೋರ್ಸಿದೆ. ಆಮೇಲೆ ಅವ್ರೇ ಕತ್ತರಿ ತಂದ್ರು.”

ಇಂದು ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ಊರು, ತಾರೀಖು. ಅದರ ಕೆಳಗೆ ಮೊದಲ ಸಾಲಿನಲ್ಲಿ ನಿಮ್ಮ ಹೆಸರು ಬರೆಯಿರಿ. ಉಳಿದದ್ದು ತಾನೇ ಬರುತ್ತದೆ.